ಅನಿಮೇಷನ್ ಚಿತ್ರದ ಖಳನೂ ಕಥಕಳಿಯ ಕತ್ತಿವೇಷವೂ

ಅನಿಮೇಷನ್ ಚಿತ್ರವನ್ನು ನೋಡಿ ಮನೆಗೆ ಹಿಂದಿರುಗಿದ ಮಕ್ಕಳು ಆಟದಲ್ಲಿ ಮೊದಲು ಅನುಕರಿಸುವುದು ಬಹುಮಟ್ಟಿಗೆ ನಾಯಕನನ್ನಲ್ಲ, ಖಳನನ್ನು. ಅವನ ನಗೆ, ಅವನು ಹುಬ್ಬೇರಿಸುವ ರೀತಿ, ಮೆಲ್ಲನೆ ತಿರುಗಿ ನೋಡುವ ಬಗೆ ಇವೆಲ್ಲ ಆಗಲೇ ಅವರ ಮೈಗಿಳಿದಿರುತ್ತವೆ. ದೊಡ್ಡವರ ನೆನಪಿನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. 1937ರ ‘ಸ್ನೋ ವೈಟ್’ ಚಿತ್ರದ ರಾಜಕುಮಾರನ ಮುಖವನ್ನು ನೆನಪಿಟ್ಟವರು ವಿರಳ. ಕನ್ನಡಿಯ ಮುಂದೆ ನಿಂತ ರಾಣಿಯನ್ನು ಮರೆತವರೂ ಅಷ್ಟೇ ವಿರಳ. ಕೆಟ್ಟದ್ದರಲ್ಲಿ ಮನುಷ್ಯನಿಗೆ ಸಹಜವಾದ ಕುತೂಹಲವುಂಟೆಂದು ಹೇಳಿ ಈ ವಿಷಯವನ್ನು ಮುಗಿಸಿಬಿಡುವುದುಂಟು. ಆ ಸಮಾಧಾನ ಸಾಲದು. ಪರದೆಯ ಮೇಲೆ ಊರಿಗೆ ಊರನ್ನೇ ಸುಟ್ಟರೂ ನೋಡುವವರಿಗೆ ಆಕಳಿಕೆ ತರಿಸುವ ಖಳರು ಬೇಕಾದಷ್ಟು ಮಂದಿ ಇದ್ದಾರೆ. ಕೆಟ್ಟತನದ ಪ್ರಮಾಣಕ್ಕೂ ಆಕರ್ಷಣೆಗೂ ನೇರವಾದ ಸಂಬಂಧವಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹಾಗಾದರೆ ಸಂಬಂಧವಿರುವುದು ಯಾವುದರೊಡನೆ?

ಇದಕ್ಕೆ ಉತ್ತರವನ್ನು ಅರಸುವವರಿಗೆ ಕೇರಳದ ಎರಡು ನಗರಗಳಷ್ಟು ಅನುಕೂಲವಾದ ಸ್ಥಳ ಬೇರೆ ದೊರೆಯುವುದು ಕಷ್ಟ. ತಿರುವನಂತಪುರದ ಟೆಕ್ನೋಪಾರ್ಕಿನಲ್ಲಿ 1999ರಲ್ಲಿ ಆರಂಭವಾದ ಟೂನ್ಜ್ ಸಂಸ್ಥೆ ಕೃಷ್ಣದೇವರಾಯನ ಆಸ್ಥಾನದ ತೆನಾಲಿ ರಾಮನ ಕಥೆಗಳನ್ನು ಟೆಲಿವಿಷನ್ನಿಗೆ ಕಾರ್ಟೂನ್ ಮಾಲೆಯಾಗಿ ಮಾಡಿಕೊಟ್ಟಿತು. ಹೊರದೇಶಗಳ ಚಿತ್ರಮಾಲೆಗಳ ಕೆಲಸವನ್ನೂ ಮಾಡುತ್ತ ಬಂದಿದೆ. ಅದೇ ನಗರದಲ್ಲಿ 1970ರಲ್ಲಿ ಸ್ಥಾಪಿತವಾದ ಮಾರ್ಗಿ ಸಂಸ್ಥೆ ಕಥಕಳಿ ಮತ್ತು ಕೂಡಿಯಾಟ್ಟಗಳನ್ನು ಪೋಷಿಸುತ್ತಿದೆ. ಕೊಚ್ಚಿಯ ಮಗ್ಗುಲಲ್ಲಿರುವ ತೃಪ್ಪೂಣಿತ್ತುರದ ಪೂರ್ಣತ್ರಯೀಶ ದೇವಾಲಯದ ವೃಶ್ಚಿಕೋತ್ಸವದಲ್ಲಿ ಕಥಕಳಿಯಿಲ್ಲದೆ ರಾತ್ರಿಗಳು ಕಳೆಯುವುದಿಲ್ಲ. ಫೋರ್ಟ್ ಕೊಚ್ಚಿಯ ಸಣ್ಣ ರಂಗಮಂದಿರಗಳಲ್ಲಿಯಂತೂ ಪ್ರೇಕ್ಷಕರು ಆಟಕ್ಕೆ ಮೊದಲೇ ಬಂದು, ನಟನ ಮುಖಕ್ಕೆ ಬಣ್ಣ ಏರುವುದನ್ನು ಕುಳಿತು ನೋಡಬಹುದು. ಒಂದೆಡೆ ಹಾಳೆಯ ಮೇಲೆ, ಇಲ್ಲವೆ ಕಂಪ್ಯೂಟರಿನಲ್ಲಿ. ಇನ್ನೊಂದೆಡೆ ಮನುಷ್ಯನ ಚರ್ಮದ ಮೇಲೆ. ಎರಡು ಕಡೆಯೂ ಖಳನು ಹುಟ್ಟುವುದು ಗೆರೆಯಿಂದ. ಸಾಮಾನ್ಯ ಚಲಚ್ಚಿತ್ರದ ನಟನ ಮುಖ ದೇವರು ಕೊಟ್ಟದ್ದು. ಇಲ್ಲಿಯ ಮುಖದಲ್ಲಿ ಆಕಸ್ಮಿಕವಾದದ್ದು ಯಾವುದೂ ಇಲ್ಲ.

ಕಥಕಳಿಯ ಬಣ್ಣಗಾರಿಕೆಯಲ್ಲಿ ಅತ್ಯಂತ ಗಮನಾರ್ಹವಾದ ಸಂಗತಿ ಇದು: ರಾವಣ, ದುರ್ಯೋಧನ, ಕೀಚಕ, ಶಿಶುಪಾಲ, ನರಕಾಸುರ, ಹಿರಣ್ಯಕಶಿಪು ಮೊದಲಾದ ಪ್ರತಿನಾಯಕರ ಮುಖದ ಮೂಲವರ್ಣ ಕಪ್ಪೂ ಅಲ್ಲ, ಕೆಂಪೂ ಅಲ್ಲ, ಹಸುರು. ಅದು ನಳ, ಅರ್ಜುನ, ಧರ್ಮರಾಜರ ‘ಪಚ್ಚ’ ವೇಷದ ಹಸುರೇ. ಹರಿತಾಳಕ್ಕೆ ನೀಲಿಯನ್ನು ಬೆರೆಸಿ ಕೊಬ್ಬರಿ ಎಣ್ಣೆಯಲ್ಲಿ ಅರೆದ ಆ ಬಣ್ಣ ನಾಯಕನಿಗೂ ಪ್ರತಿನಾಯಕನಿಗೂ ಸಮಾನ. ಬಳಿಕ ಮೂಗಿನ ಇಕ್ಕೆಲದಿಂದ ಕೆನ್ನೆಗಳ ಮೇಲಕ್ಕೆ, ಬಾಗಿದ ಕತ್ತಿಯ ಅಲಗಿನಂತೆ, ಇಂಗಳೀಕದ ಕೆಂಪು ಏರುತ್ತದೆ. ಅದರ ಅಂಚಿಗೆ ಬಿಳಿಯ ಗೆರೆ ಬೀಳುತ್ತದೆ. ಮೂಗಿನ ತುದಿಯಲ್ಲೊಂದು, ಹಣೆಯಲ್ಲೊಂದು ಬಿಳಿಯ ಗುಂಡು ಕೂರುತ್ತದೆ. ‘ಕತ್ತಿ’ ವೇಷವೆಂಬ ಹೆಸರು ಬಂದದ್ದು ಆ ಕೆಂಪು ಆಕಾರದಿಂದ. ಎಂದರೆ, ಈ ಸಂಪ್ರದಾಯದ ತಿಳಿವಳಿಕೆಯಲ್ಲಿ ದೊಡ್ಡ ಖಳನು ನಾಯಕನಿಗಿಂತ ಬೇರೆ ಜಾತಿಯ ಪ್ರಾಣಿಯಲ್ಲ. ನಾಯಕನ ಮುಖದ ಮೇಲೆಯೇ ಒಂದು ದೋಷದ ಗೆರೆ ಎದ್ದಾಗ ಉಂಟಾಗುವವನು.

ಇದು ಪಂಡಿತರ ಊಹೆ ಮಾತ್ರವಲ್ಲವೆಂಬುದಕ್ಕೆ ಕೌರವ ಸೋದರರೇ ಸಾಕ್ಷಿ. ದುರ್ಯೋಧನನಿಗೆ ಕತ್ತಿ ವೇಷ. ಅವನ ತಮ್ಮ ದುಶ್ಶಾಸನನಿಗೆ ‘ಚುವನ್ನ ತಾಡಿ’, ಅಂದರೆ ಕೆಂಪು ಗಡ್ಡದ ವೇಷ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ, ಒಂದೇ ಪಾಪದಲ್ಲಿ ಪಾಲುಗೊಂಡ ಇಬ್ಬರಿಗೆ ಎರಡು ಮುಖ. ಅಣ್ಣನಲ್ಲಿ ಕುಲ, ಪ್ರೀತಿ, ರಸಿಕತೆ, ಆತ್ಮಗೌರವ ಇವುಗಳ ಹಸುರು ಇನ್ನೂ ಉಳಿದಿದೆ. ತಮ್ಮನಲ್ಲಿ ಆರ್ಭಟ ಮಾತ್ರ ಉಳಿದಿದೆ. ರಂಗದ ಮೇಲೆ ಕೆಂಪು ಗಡ್ಡವು ಭಯವನ್ನು ಹುಟ್ಟಿಸುತ್ತದೆ, ಕೆಲವೊಮ್ಮೆ ನಗುವನ್ನೂ. ಆದರೆ ಇಡೀ ರಾತ್ರಿ ಕುಳಿತು ನೋಡುವ ರಸಿಕನು ಬರುವುದು ಕತ್ತಿ ವೇಷಕ್ಕಾಗಿ. ಧನಂಜಯನ ದಶರೂಪಕವು ಪ್ರತಿನಾಯಕನನ್ನು ಲುಬ್ಧ, ಪಾಪಿ, ವ್ಯಸನಿ ಎಂದು ಕರೆಯುವಾಗಲೂ ‘ಧೀರೋದ್ಧತ’ನೆಂಬ ಮಾತನ್ನು ಬಿಡುವುದಿಲ್ಲ, ನಾಯಕರ ನಾಲ್ಕು ಬಗೆಗಳಿಗೂ ತಲೆಯಲ್ಲಿರುವ ‘ಧೀರ’ ಶಬ್ದ ಶತ್ರುವಿಗೂ ಸಂದಿದೆ.

ಅಮೆರಿಕದ ಚಿತ್ರಕಾರರು ದಶರೂಪಕವನ್ನು ಓದಿದವರಲ್ಲ. ಆದರೂ 1994ರ ‘ಲಯನ್ ಕಿಂಗ್’ ಚಿತ್ರದಲ್ಲಿ ಅವರು ಮಾಡಿದ್ದು ಇದನ್ನೇ. ಸ್ಕಾರ್ ಎಂಬ ಖಳ ಕಾಡಿನ ಇನ್ನಾವುದೋ ಮೃಗವಲ್ಲ. ರಾಜನ ಒಡಹುಟ್ಟಿದ ಸಿಂಹ. ಕಣ್ಣಿನ ಮೇಲೆ ಹಾದುಹೋದ ಒಂದು ಗಾಯದ ಗೆರೆಯೇ ಅವನ ಹೆಸರು. ಅದೇ ಚಿತ್ರದ ಕತ್ತೆಕಿರುಬಗಳು ಕೆಂಪು ಗಡ್ಡದ ಸ್ಥಾನದಲ್ಲಿರುವುವು: ಹಲ್ಲು ಕಿರಿಯುತ್ತವೆ, ನಗಿಸುತ್ತವೆ, ಮರೆತುಹೋಗುತ್ತವೆ.

ಮುಖವಾದ ಮೇಲೆ ಕಾಲ. ಕತ್ತಿ ವೇಷ ರಂಗಕ್ಕೆ ಓಡಿಬರುವುದಿಲ್ಲ. ಇಬ್ಬರು ಹಿಡಿದ ತೆರೆಯ ಹಿಂದೆ ಅವನು ನಿಲ್ಲುತ್ತಾನೆ. ಚೆಂಡೆಯ ಘೋಷ ಏರುತ್ತದೆ. ಬೆಳ್ಳಿಯ ಉಗುರುಗಳ ಕೈ ತೆರೆಯ ಅಂಚನ್ನು ಹಿಡಿಯುತ್ತದೆ. ಕಿರೀಟ ಕಾಣುತ್ತದೆ, ಮತ್ತೆ ಮರೆಯಾಗುತ್ತದೆ. ಕೊನೆಗೆ ಮುಖ ದೀಪದ ಬೆಳಕಿಗೆ ಬರುತ್ತದೆ. ಚುಂಡೆಯ ಬೀಜದಿಂದ ಕೆಂಪಗಾದ ಕಣ್ಣುಗಳು ಆಗ ನೋಡುತ್ತವೆ. ‘ತಿರನೋಟ’ವೆನ್ನುವುದು ಇದನ್ನೇ. ಯಕ್ಷಗಾನದ ಬಣ್ಣದ ವೇಷದ ತೆರೆಕುಣಿತವನ್ನು ಕಂಡವರಿಗೆ ಇದರ ಬಲವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟಕ್ಕೂ ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಿಗೂ ಇರುವ ನಂಟನ್ನು ಕುರಿತು ವಿದ್ವಾಂಸರಲ್ಲಿ ನಡೆದ ವಾಗ್ವಾದ ಏನೇ ಇರಲಿ, ರಾಕ್ಷಸನನ್ನು ಕಾಯಿಸಿ ತೋರಿಸಬೇಕೆಂಬ ತಿಳಿವು ಎರಡಕ್ಕೂ ಸೇರಿದ್ದು.

ತೆರೆ ಸರಿದ ಮೇಲೆ ಅವನು ಮಾಡುವ ಮೊದಲ ಕೆಲಸ ಕೊಲೆಯೂ ಅಲ್ಲ, ಅಪಹರಣವೂ ಅಲ್ಲ. ಅನೇಕ ಕಥೆಗಳಲ್ಲಿ ಅದು ಶೃಂಗಾರ. ಸ್ವಾತಿ ತಿರುನಾಳ್ ಮಹಾರಾಜನ ಆಸ್ಥಾನದಲ್ಲಿದ್ದ ತಿರುವನಂತಪುರದ ಇರಯಿಮ್ಮನ್ ತಂಬಿ ರಚಿಸಿದ ‘ಉತ್ತರಾಸ್ವಯಂವರ’ದಲ್ಲಿ ಗೋಗ್ರಹಣಕ್ಕೆ ಹೊರಡಬೇಕಾದ ದುರ್ಯೋಧನ ಮೊದಲು ಭಾನುಮತಿಯೊಡನೆ ಬೆಳುದಿಂಗಳಲ್ಲಿ ವಿಹರಿಸುತ್ತಾನೆ. ವಿರಹಿಯಾದ ಚಕ್ರವಾಕ ಪಕ್ಷಿಯನ್ನು ವರ್ಣಿಸುತ್ತ ಒಂದು ಕಣ್ಣಿನಲ್ಲಿ ಕೋಪವನ್ನೂ ಮತ್ತೊಂದರಲ್ಲಿ ದುಃಖವನ್ನೂ ತೋರಬೇಕಾದ ‘ಏಕಲೋಚನ’ದ ಅಭಿನಯ ಬರುವುದು ಇಲ್ಲಿಯೇ. ಕಥಕಳಿಯ ಅತ್ಯಂತ ಕಠಿನವಾದ ನೇತ್ರಾಭಿನಯಗಳಲ್ಲೊಂದನ್ನು ಕವಿ ನಾಯಕನಿಗೆ ಕೊಡದೆ ದುರ್ಯೋಧನನಿಗೆ ಕೊಟ್ಟಿದ್ದಾನೆ. ವಿಳಂಬಗತಿಯ ಆ ಪದ ಮುಗಿಯುವ ಹೊತ್ತಿಗೆ ಪ್ರೇಕ್ಷಕನು ಖಳನ ಮನೆಯಲ್ಲಿ ಅತಿಥಿಯಾಗಿಬಿಟ್ಟಿರುತ್ತಾನೆ. ಉಂಡ ಮನೆಯ ಕೇಡನ್ನು ಮುಂದೆ ಅವನು ನಿರ್ವಿಕಾರನಾಗಿ ನೋಡಲಾರ. ಪ್ರವಾಸಿಗರಿಗೆಂದು ಒಂದು ಗಂಟೆಗೆ ಇಳಿಸಿದ ಆಟಗಳಲ್ಲಿ ಮೊದಲು ಕತ್ತರಿ ಬೀಳುವುದು ಇಂಥ ಭಾಗಗಳಿಗೇ ಎಂಬುದು ಖೇದಕರ. ಉಳಿಯುವುದು ಕೆಂಪು ಕಣ್ಣು ಮತ್ತು ಕಾಳಗ.

ಅನಿಮೇಷನ್ನಿನಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಎಲ್ಲವನ್ನೂ ಕುಣಿಸಬಹುದಾದ ಮಾಧ್ಯಮದಲ್ಲಿ ಕುಣಿಯದಿರುವವನೇ ಬಲಶಾಲಿಯಾಗಿ ಕಾಣುತ್ತಾನೆ. 1959ರ ‘ಸ್ಲೀಪಿಂಗ್ ಬ್ಯೂಟಿ’ಗಾಗಿ ಮಾರ್ಕ್ ಡೇವಿಸ್ ರೂಪಿಸಿದ ಮೆಲೆಫಿಸೆಂಟ್ ಎಂಬ ಮಾಟಗಾತಿ ಹೆಚ್ಚು ಚಲಿಸುವುದೇ ಇಲ್ಲ. ಕೊಂಬಿನ ಶಿರೋವೇಷವನ್ನು ಧರಿಸಿ ನೇರವಾಗಿ ನಿಂತು ಮಾತನಾಡುತ್ತಾಳೆ, ಸುತ್ತಲಿನವರು ಗಡಿಬಿಡಿಯಾಗುತ್ತಾರೆ. ಆ ನಿಶ್ಚಲತೆ ತಿರನೋಟದ ನಿಶ್ಚಲತೆಗೆ ಬಹಳ ಹತ್ತಿರದ್ದು.

ಇಷ್ಟಕ್ಕೂ ಮಿಗಿಲಾದದ್ದು ಖಳನ ಬಯಕೆಯ ಬೇರು. ಕಲ್ಲೇಕ್ಕುಳಂಗರ ರಾಘವ ಪಿಷಾರೋಟಿಯ ‘ರಾವಣೋದ್ಭವ’ದ ತಪಸ್ಸಾಟದಲ್ಲಿ ಲಂಕೇಶನು ತನ್ನ ಬಾಲ್ಯವನ್ನು ನೆನೆಯುತ್ತಾನೆ. ತಾಯಿ ಕೈಕಸಿಯ ತೊಡೆಯ ಮೇಲೆ ಮಗು ಮಲಗಿದೆ. ಮೇಲೆ ಆಕಾಶದಲ್ಲಿ ವೈಶ್ರವಣನು ಪುಷ್ಪಕವಿಮಾನದಲ್ಲಿ ಹೋಗುತ್ತಾನೆ. ಸವತಿಯ ಮಗನ ವೈಭವವನ್ನು ಕಂಡ ತಾಯಿಯ ಕಣ್ಣೀರು ಮಗುವಿನ ಮೈಮೇಲೆ ಬೀಳುತ್ತದೆ. ತಲೆಗಳನ್ನು ಒಂದೊಂದಾಗಿ ಕಡಿದು ಅಗ್ನಿಗೆ ಹಾಕುವ ಆ ಘೋರ ತಪಸ್ಸು ಹುಟ್ಟಿದ್ದು ಆ ಹನಿಯಿಂದ. ಇದರಿಂದ ರಾವಣನ ಅಪರಾಧ ಕ್ಷಮಾರ್ಹವಾಗುವುದಿಲ್ಲ, ಅರ್ಥವಾಗುತ್ತದೆ. ಈಚಿನ ಪಾಶ್ಚಾತ್ಯ ಚಿತ್ರಗಳಲ್ಲಿ ಖಳನಿಗೊಂದು ದುಃಖದ ಪೂರ್ವಕಥೆಯನ್ನು ಕಟ್ಟಿ ಕೊನೆಗೆ ಅವನನ್ನು ಸಾಧುವನ್ನಾಗಿ ಮಾಡಿಬಿಡುವ ಚಪಲ ಕಾಣುತ್ತದೆ. ಪಿಷಾರೋಟಿ ಆ ದಾರಿಯನ್ನು ಹಿಡಿಯಲಿಲ್ಲ. ಕನ್ನಡದ ಓದುಗರಿಗೆ ಇಲ್ಲಿ ನಾಗಚಂದ್ರನ ರಾವಣನೂ ರನ್ನನ ದುರ್ಯೋಧನನೂ ನೆನಪಾಗುವುದು ಸಹಜ. ಗದಾಯುದ್ಧದ ನಾಯಕ ಭೀಮನೋ ದುರ್ಯೋಧನನೋ ಎಂದು ವಿಮರ್ಶಕರು ಚರ್ಚಿಸುವಂತಾದದ್ದು ಪ್ರತಿನಾಯಕನ ಮುಖದಲ್ಲಿ ರನ್ನನು ಉಳಿಸಿದ ಹಸುರಿನಿಂದಲೇ.

ಇನ್ನು ಧ್ವನಿ. ಕಥಕಳಿಯಲ್ಲಿ ಪಚ್ಚ ವೇಷ ಬಾಯಿ ತೆರೆಯುವಂತಿಲ್ಲ. ಕತ್ತಿ ವೇಷಕ್ಕೆ ‘ಅಲರ್ಚ’ದ ಕೂಗಿಗೆ ಅನುಮತಿಯುಂಟು. ಮಾತಿಲ್ಲದ ರಂಗದಲ್ಲಿ ಆ ಒಂದು ಕೂಗು ಮೈ ಜುಮ್ಮೆನಿಸುತ್ತದೆ. ಕೇರಳದ ಉತ್ತರ ತುದಿಯಾದ ಕಾಸರಗೋಡಿನಲ್ಲಿ ಸ್ಥಿತಿ ತದ್ವಿರುದ್ಧ. ಅಲ್ಲಿಯ ತಾಳಮದ್ದಲೆಯಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ, ಇರುವುದು ಮಾತೊಂದೇ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ವಾಲಿಯಾಗಿ, ರಾವಣನಾಗಿ ಅರ್ಥ ಹೇಳುವಾಗ ಎದುರಿನ ರಾಮನಿಗೆ ಉತ್ತರ ಹುಡುಕುವುದು ದುಸ್ತರವಾಗುತ್ತಿತ್ತು. ಅಲ್ಲಿ ಖಳನ ಆಕರ್ಷಣೆಯೆಂದರೆ ಅವನ ವಾದ. ತನ್ನ ದೃಷ್ಟಿಯಿಂದ ತಾನು ಸರಿಯೆಂದು ನಂಬಿದವನು ಆಡುವ ಮಾತಿಗೆ ಬರುವ ಕಾವು ಗಹಗಹಿಸಿ ನಗುವವನಿಗೆ ಬರುವುದಿಲ್ಲ.

ಅಮೆರಿಕದ ಅನಿಮೇಷನ್ ಪದ್ಧತಿಯಲ್ಲಿ ಧ್ವನಿಯನ್ನು ಮೊದಲು ಮುದ್ರಿಸಿಕೊಂಡು, ಅದನ್ನು ಮತ್ತೆ ಮತ್ತೆ ಕೇಳುತ್ತ ಚಿತ್ರಕಾರನು ಮುಖವನ್ನು ಬರೆಯುತ್ತಾನೆ. 1967ರ ‘ಜಂಗಲ್ ಬುಕ್’ ಚಿತ್ರದ ಶೇರ್ ಖಾನ್ ಎಂಬ ಹುಲಿಯ ಸೊಗಸಾದ ಜಂಬ ಜಾರ್ಜ್ ಸ್ಯಾಂಡರ್ಸನ ಧ್ವನಿಯಿಂದ ಮೈದಳೆದದ್ದು. ಒಂದು ಭಾಷೆಯ ಧ್ವನಿಗೆ ಬರೆದ ತುಟಿಗಳ ಮೇಲೆ ಇನ್ನೊಂದು ಭಾಷೆಯನ್ನು ಕೂರಿಸಿದಾಗ ಮೊದಲು ಕಳೆದುಹೋಗುವುದು ಈ ವಾದದ ಕಾವು. ಗರ್ಜನೆ ಮಾತ್ರ ಎಲ್ಲ ಭಾಷೆಗಳಲ್ಲಿಯೂ ಒಂದೇ ಆಗಿ ಉಳಿಯುತ್ತದೆ.

ಹೊರನಾಡಿನಲ್ಲಿ ನೆಲಸಿದ ಕನ್ನಡ ಮನೆಗಳಿಗೆ ಇದು ದೂರದ ವಿಷಯವಲ್ಲ. ಕರ್ನಾಟಕದ ಹೊಂಬಾಳೆ ಸಂಸ್ಥೆ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ 2025ರ ಜುಲೈನಲ್ಲಿ ಹಿಂದಿಯ ಜೊತೆಗೆ ಕನ್ನಡ, ಮಲಯಾಳ ಮೊದಲಾದ ಭಾಷೆಗಳಲ್ಲಿಯೂ ತೆರೆಕಂಡಿತು. ಕೊಚ್ಚಿಯಲ್ಲೋ ತಿರುವನಂತಪುರದಲ್ಲೋ ಬೆಳೆಯುತ್ತಿರುವ ಎಷ್ಟೋ ಕನ್ನಡ ಮಕ್ಕಳಿಗೆ ಹಿರಣ್ಯಕಶಿಪುವಿನ ಪ್ರಥಮ ದರ್ಶನ ಇಂಥ ಚಿತ್ರದಲ್ಲಿಯೇ ಆಗುವುದು. ಅದರ ಸಾಹಸವನ್ನು ಕಡೆಗಣಿಸಲಾಗದು. ಭಾರತದ ಅನಿಮೇಷನ್ನಿಗೆ ಅಷ್ಟು ದೊಡ್ಡ ಪ್ರೇಕ್ಷಕವರ್ಗವನ್ನು ಬೇರಾವ ಚಿತ್ರವೂ ತಂದುಕೊಟ್ಟಿರಲಿಲ್ಲ. ಆದರೆ ಚಿತ್ರದ ಬಲ ಬಿದ್ದಿರುವುದು ದೈತ್ಯನ ಗಾತ್ರದ ಮೇಲೆ, ಗರ್ಜನೆಯ ಮೇಲೆ, ಕೊನೆಯ ಸಮರದ ವಿಸ್ತಾರದ ಮೇಲೆ. ಕೆಂಪು ಗಡ್ಡ ಹಸುರನ್ನು ಮುಚ್ಚಿಬಿಟ್ಟಿದೆಯೆಂದು ತೋರುತ್ತದೆ.

ಈ ಪಾತ್ರಕ್ಕೆ ಎರಡು ನಾಡುಗಳಲ್ಲಿಯೂ ಹಿರಿಯ ಪರಂಪರೆಯುಂಟು. 1941ರ ಮಲಯಾಳ ‘ಪ್ರಹ್ಲಾದ’ ಚಿತ್ರದಲ್ಲಿ ಹಿರಣ್ಯಕಶಿಪುವಾದವನು ಕಥಕಳಿಯಲ್ಲಿ ಪಳಗಿದ ನರ್ತಕ ಗುರು ಗೋಪಿನಾಥ್. 1983ರ ಕನ್ನಡ ‘ಭಕ್ತ ಪ್ರಹ್ಲಾದ’ದಲ್ಲಿ ಆ ಪಾತ್ರವನ್ನು ಧರಿಸಿದವರು ಡಾ. ರಾಜ್‌ಕುಮಾರ್, ಪ್ರಹ್ಲಾದನಾಗಿದ್ದವರು ಅವರ ಮಗ ಪುನೀತ್. ತಮ್ಮನನ್ನು ಕೊಂದವನ ಮೇಲೆ ಹಗೆ, ಮಗನ ಮೇಲೆ ಮಮತೆ. ಆ ಮಗನ ಬಾಯಲ್ಲಿಯೇ ಹಗೆಯವನ ಹೆಸರು. ಒಂದು ಕಣ್ಣಿನಲ್ಲಿ ಕೋಪ, ಇನ್ನೊಂದರಲ್ಲಿ ದುಃಖ ಎಂಬ ಆ ಏಕಲೋಚನದ ಸ್ಥಿತಿಗೆ ಇದಕ್ಕಿಂತ ತಕ್ಕ ಪಾತ್ರವನ್ನು ಕಲ್ಪಿಸುವುದು ಕಷ್ಟ. ಹೊಸ ಚಿತ್ರವನ್ನು ನೋಡಿದ ಮಗುವಿಗೆ ಅದೇ ವಾರ ಮನೆಯಲ್ಲಿ ಹಳೆಯದನ್ನೂ ತೋರಿಸಿದರೆ, ಮೊದಲನೆಯದರ ಬಳಿಕ ಅದು ನರಸಿಂಹನು ಕಂಬದಿಂದ ಹೇಗೆ ಹೊರಬಂದನೆಂದು ಕೇಳೀತು. ಎರಡನೆಯದರ ಬಳಿಕ, ಅಪ್ಪನೇ ಏಕೆ ಹಾಗೆ ಮಾಡಿದನೆಂದು.