ಮುಚ್ಚಿದ ಬಾಗಿಲೂ ಜನರ ಸಂಶಯವೂ

ಮಾನವನು ಸಂಘಜೀವಿ. ಒಬ್ಬನಿಂದಾಗದ ಕಾರ್ಯವು ಹತ್ತು ಮಂದಿ ಕೂಡಿದರೆ ಆಗುವುದೆಂಬುದನ್ನು ಅರಿತಂದಿನಿಂದ ಅವನು ಸಂಘಗಳನ್ನು ಕಟ್ಟುತ್ತಲೇ ಬಂದಿದ್ದಾನೆ. ಭಜನಾಮಂಡಲಿ, ಯುವಕಸಂಘ, ಸಹಕಾರಿ ಸಂಘ, ವಿದ್ಯಾಸಂಸ್ಥೆ ಮೊದಲಾದುವೆಲ್ಲ ನಮ್ಮ ಕಣ್ಣೆದುರಿಗೇ ನಡೆಯತಕ್ಕವುಗಳು. ಅವುಗಳ ಒಳಗೆ ಯಾರಿದ್ದಾರೆ, ಹಣವೆಷ್ಟು ಬಂದಿತು, ವೆಚ್ಚವೆಷ್ಟಾಯಿತು ಎಂದು ಊರವರು ಕೇಳಬಹುದು. ಕೇಳಿದರೆ ಉತ್ತರ ಕೊಡಬೇಕಾದುದು ಧರ್ಮ. ಆದರೆ ಬಾಗಿಲು ಮುಚ್ಚಿಕೊಂಡು ಸಭೆ ಸೇರುವ ಸಂಘಗಳೂ ಲೋಕದಲ್ಲಿ ಉಂಟು. ಅವುಗಳಲ್ಲಿ ಅತ್ಯಂತ ಹೆಸರಾದುದು ಫ್ರೀಮೇಸನ್ನರ ಸೋದರಸಂಘ. ಇದರ ವಿಷಯದಲ್ಲಿ ಜನರು ಏನೇನು ಶಂಕಿಸಿದರು, ಆ ಶಂಕೆಗಳಲ್ಲಿ ನಿಜವೆಷ್ಟು, ಪೊಳ್ಳೆಷ್ಟು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೇಸನ್ ಎಂದರೆ ಇಂಗ್ಲಿಷಿನಲ್ಲಿ ಕಲ್ಲುಕೆಲಸದವನು. ಹಿಂದೆ ಯುರೋಪಿನಲ್ಲಿ ದೊಡ್ಡ ಇಗರ್ಜಿಗಳನ್ನೂ ಕೋಟೆಗಳನ್ನೂ ಕಟ್ಟುತ್ತಿದ್ದ ಕಲ್ಲುಕುಟಿಗರು ಕೆಲಸದ ಸ್ಥಳದಲ್ಲಿ ಒಂದು ಕೊಟ್ಟಿಗೆಯನ್ನು ಕಟ್ಟಿಕೊಂಡು ಅಲ್ಲಿ ಸೇರುತ್ತಿದ್ದರು. ಅದಕ್ಕೆ ಲಾಡ್ಜು ಎಂದು ಹೆಸರು. ಪಟ್ಟಣಕ್ಕೆ ಹೋದಾಗ ನಾವು ಇಳಿದುಕೊಳ್ಳುವ ಲಾಡ್ಜೇ ಬೇರೆ, ಈ ಲಾಡ್ಜೇ ಬೇರೆ. ಕಾಲಕ್ರಮದಲ್ಲಿ ಕಲ್ಲುಕೆಲಸವನ್ನು ಅರಿಯದ ಗೃಹಸ್ಥರೂ ಈ ಕೂಟಗಳನ್ನು ಸೇರತೊಡಗಿದರು. ಲಂಡನ್ನಿನ ನಾಲ್ಕು ಲಾಡ್ಜುಗಳು ಕೂಡಿ ೧೭೧೭ರಲ್ಲಿ ಮಹಾಲಾಡ್ಜನ್ನು ಸ್ಥಾಪಿಸಿದವೆಂದು ಆ ಸಂಘದವರು ಪರಂಪರೆಯಿಂದ ಹೇಳುತ್ತಾರೆ. ೧೭೨೩ರಲ್ಲಿ ಜೇಮ್ಸ್ ಆಂಡರ್ಸನ್ನನು ಬರೆದ ನಿಯಮಗ್ರಂಥವು ಅಚ್ಚಾಯಿತು.

ಸದಸ್ಯನು ಶಿಷ್ಯ, ಸಹಕರ್ಮಿ, ಗುರುಶಿಲ್ಪಿ ಎಂಬ ಮೂರು ಮೆಟ್ಟಿಲುಗಳನ್ನು ಏರಬೇಕು. ಮೂಲೆಮಟ್ಟವೂ ಕೈವಾರವೂ ಅವರ ಲಾಂಛನ. ಮೂಲೆಮಟ್ಟದಂತೆ ನಡತೆ ನೇರವಾಗಿರಲಿ, ಕೈವಾರದ ಗೆರೆಯಂತೆ ಆಸೆಗೆ ಮಿತಿಯಿರಲಿ ಎಂದು ಅದರ ತಾತ್ಪರ್ಯ. ಪರಮಾತ್ಮನೊಬ್ಬನಿದ್ದಾನೆಂದು ನಂಬುವವನಿಗೆ ಮಾತ್ರ ಇಂಗ್ಲೆಂಡಿನ ಪದ್ಧತಿಯ ಲಾಡ್ಜುಗಳಲ್ಲಿ ಪ್ರವೇಶ. ಅವನ ಮತ ಯಾವುದಾದರೂ ಆಗಬಹುದು. ಲಾಡ್ಜಿನೊಳಗೆ ಮತವಿವಾದವನ್ನೂ ರಾಜಕೀಯವನ್ನೂ ಎತ್ತಕೂಡದು. ಪರಸ್ಪರ ಸಹಾಯವೂ ದಾನಧರ್ಮವೂ ಅವರ ಕರ್ತವ್ಯ. ಇಷ್ಟೆಲ್ಲ ಒಳ್ಳೆಯದೇ ಸರಿ. ಆದರೆ ಒಬ್ಬರನ್ನೊಬ್ಬರು ಗುರುತಿಸಲು ಅವರಲ್ಲಿ ಗುಟ್ಟಿನ ಮಾತುಗಳೂ ಕೈಕುಲುಕುವ ವಿಶೇಷ ರೀತಿಗಳೂ ಇವೆ. ಅವುಗಳನ್ನು ಹೊರಗೆ ಹೇಳೆನೆಂದು ಪ್ರತಿಯೊಬ್ಬನೂ ಪ್ರತಿಜ್ಞೆ ಮಾಡುವನು. ಸಂಶಯದ ಬೀಜವು ಬಿದ್ದುದು ಇಲ್ಲಿಯೇ.

ನಮ್ಮ ದೇಶಕ್ಕೆ ಈ ಸಂಘವು ಈಸ್ಟ್ ಇಂಡಿಯಾ ಕಂಪೆನಿಯವರೊಡನೆ ಬಂದಿತು. ೧೭೩೦ರ ಸುಮಾರಿಗೆ ಕಲ್ಕತ್ತೆಯಲ್ಲಿ ಮೊದಲ ಲಾಡ್ಜು ಹುಟ್ಟಿತು. ಬಹುಕಾಲ ಭಾರತೀಯರಿಗೆ ಅಲ್ಲಿ ಪ್ರವೇಶ ದುರ್ಲಭವಾಗಿತ್ತು. ಇರುಳಿನಲ್ಲಿ ಬಿಳಿಯ ಅಧಿಕಾರಿಗಳು ಒಂದು ಕಟ್ಟಡವನ್ನು ಹೊಕ್ಕು ಬಾಗಿಲು ಹಾಕಿಕೊಳ್ಳುವರು. ಒಳಗೇನು ನಡೆಯಿತೆಂದು ಹೊರಗಿನವರಿಗೆ ತಿಳಿಯದು. ಉತ್ತರ ಭಾರತದ ಜನರು ಇಂಥ ಕಟ್ಟಡಕ್ಕೆ ‘ಜಾದೂಘರ್’, ಎಂದರೆ ಮಾಟದ ಮನೆ, ಎಂದು ಹೆಸರಿಟ್ಟರು. ಸ್ವತಃ ಲಾಹೋರಿನ ಲಾಡ್ಜಿನ ಸದಸ್ಯನಾಗಿದ್ದ ಕಿಪ್ಲಿಂಗನು ೧೯೦೧ರಲ್ಲಿ ಪ್ರಕಟವಾದ ‘ಕಿಮ್’ ಕಾದಂಬರಿಯಲ್ಲಿ ಈ ಹೆಸರನ್ನು ಬಳಸಿದ್ದಾನೆ.

೧೮೪೩ರಲ್ಲಿ ಮುಂಬಯಿಯಲ್ಲಿ ಭಾರತೀಯರಿಗೂ ಪ್ರವೇಶವಿರುವ ಲಾಡ್ಜೊಂದು ತೆರೆಯಿತು. ಕಲ್ಕತ್ತೆಯಲ್ಲಿ ಪ್ರಸನ್ನಕುಮಾರ ದತ್ತರು ಬಹಳ ವಾದವಿವಾದಗಳಾದ ಮೇಲೆ ೧೮೭೨ರಲ್ಲಿ ಸದಸ್ಯರಾದರು. ಮುಂದೆ ಸ್ವಾಮಿ ವಿವೇಕಾನಂದರೆಂದು ಜಗತ್ಪ್ರಸಿದ್ಧರಾದ ನರೇಂದ್ರನಾಥರು ೧೮೮೪ರಲ್ಲಿ ಅದೇ ನಗರದ ಲಾಡ್ಜೊಂದನ್ನು ಸೇರಿದರು. ೧೯೬೧ರಲ್ಲಿ ಭಾರತದ್ದೇ ಆದ ಮಹಾಲಾಡ್ಜು ಸ್ಥಾಪನೆಯಾಯಿತು. ಒಳಹೊಕ್ಕು ನೋಡಿದವರಿಗೆ ಅಲ್ಲಿ ಮಾಟವೇನೂ ಕಾಣಲಿಲ್ಲ. ಆದರೆ ಹೊರಗೆ ನಿಂತವನ ಸಂಶಯವನ್ನು ಬರಿಯ ಮೌಢ್ಯವೆಂದು ನಗುವುದೂ ತಪ್ಪು. ತನ್ನನ್ನು ಆಳುವವರು ತನಗೆ ತಿಳಿಯದಂತೆ ಕೂಡುತ್ತಿರುವಾಗ, ಅಲ್ಲಿ ತನ್ನ ಹಿತಕ್ಕೆ ವಿರುದ್ಧವಾದುದೇನಾದರೂ ನಡೆಯುತ್ತಿದೆಯೇ ಎಂದು ಪ್ರಜೆಯು ಯೋಚಿಸುವುದು ಸಹಜವಲ್ಲವೇ?

ಯುರೋಪಿನಲ್ಲಿ ಈ ಸಂಶಯವು ಮೊದಲು ಮತದ ಕಡೆಯಿಂದ ಬಂದಿತು. ೧೭೩೮ರಲ್ಲಿ ಪೋಪ್ ಹನ್ನೆರಡನೆಯ ಕ್ಲೆಮೆಂಟರು, ಕ್ಯಾಥೋಲಿಕರು ಈ ಸಂಘವನ್ನು ಸೇರಕೂಡದೆಂದು ಆಜ್ಞೆ ಹೊರಡಿಸಿದರು. ನಾನಾ ಮತದವರು ಕಲೆಯುವುದು, ಪ್ರಮಾಣ ಮಾಡಿ ಗುಟ್ಟನ್ನು ಕಾಯುವುದು, ಇವೆರಡೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಬಳಿಕ ೧೭೮೯ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯಾಯಿತು. ಅಷ್ಟು ಪುರಾತನವಾದ ಅರಸೊತ್ತಿಗೆ ಹೇಗೆ ಉರುಳಿತೆಂದು ಬೆರಗಾದವರಿಗೆ, ಬರ್ರುಯೆಲ್ ಎಂಬ ಪಾದ್ರಿಯು ೧೭೯೭ರಲ್ಲಿ ಒಂದು ಸುಲಭದ ಉತ್ತರ ಕೊಟ್ಟನು: ಇದೆಲ್ಲ ಗುಪ್ತಸಂಘಗಳ ಸಂಚು! ಜನರ ಹಸಿವು, ತೆರಿಗೆಯ ಭಾರ, ಬರಿದಾದ ಬೊಕ್ಕಸ ಇವು ಕಣ್ಣೆದುರಿಗಿದ್ದರೂ ಕಾಣದ ಕೈಯ ಕಥೆಯೇ ಅನೇಕರಿಗೆ ರುಚಿಸಿತು. ಇಂದು ವಿದ್ಯಾರ್ಥಿಗಳು ಎಲ್ಲೆಲ್ಲಿಯೋ ಕೇಳುವ ಇಲ್ಯುಮಿನಾಟಿಯ ಕಥೆಯ ಮೂಲವೂ ಇಲ್ಲಿದೆ. ಆ ಸಂಘವನ್ನು ಬವೇರಿಯದಲ್ಲಿ ವೈಸ್‌ಹೌಪ್ಟ್ ಎಂಬ ಅಧ್ಯಾಪಕನು ೧೭೭೬ರಲ್ಲಿ ಕಟ್ಟಿದನು. ೧೭೮೪–೮೫ರಲ್ಲಿ ಅಲ್ಲಿನ ಅರಸನು ಅದನ್ನು ನಿಷೇಧಿಸಿದನು. ಸಂಘವು ಅಳಿಯಿತು, ಕಥೆಯು ಮಾತ್ರ ಅಳಿಯಲಿಲ್ಲ.

ಬೆಂಕಿಯಿಲ್ಲದೆ ಹೊಗೆಯಾಡುವುದೇ ಎಂದು ಯಾರಾದರೂ ಕೇಳಬಹುದು. ಒಮ್ಮೊಮ್ಮೆ ಬೆಂಕಿ ಇದ್ದುದೂ ನಿಜವೇ. ಅಮೆರಿಕದ ನ್ಯೂಯಾರ್ಕ್ ಪ್ರಾಂತದಲ್ಲಿ ೧೮೨೬ರಲ್ಲಿ ವಿಲಿಯಂ ಮಾರ್ಗನ್ ಎಂಬವನು ಮೇಸನ್ನರ ಗುಟ್ಟುಗಳನ್ನು ಅಚ್ಚುಮಾಡಿಸುವೆನೆಂದು ಸಾರಿದನು. ಅಲ್ಪ ಸಾಲದ ನೆಪದಲ್ಲಿ ಅವನನ್ನು ಸೆರೆಗೆ ಹಾಕಿಸಲಾಯಿತು. ರಾತ್ರಿ ಯಾರೋ ಆ ಸಾಲವನ್ನು ತೀರಿಸಿ ಹೊರಗೆ ಕರೆತಂದು ಬಲಾತ್ಕಾರದಿಂದ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ನಯಾಗರಾ ಕೋಟೆಯವರೆಗೆ ಅವನ ಜಾಡು ಸಿಕ್ಕಿತು. ಮುಂದೆ ಅವನನ್ನು ಕಂಡವರಿಲ್ಲ. ಅಪಹರಣಕ್ಕಾಗಿ ಆ ಜಿಲ್ಲೆಯ ಷೆರೀಫನೂ ಸೇರಿ ಕೆಲವರಿಗೆ ಶಿಕ್ಷೆಯಾಯಿತಾದರೂ ಕೊಲೆಯು ಯಾರ ಮೇಲೂ ಸಿದ್ಧವಾಗಲಿಲ್ಲ. ಹಿಡಿಯಬೇಕಾದವರೂ ತೀರ್ಪು ಕೊಡಬೇಕಾದವರೂ ಒಂದೇ ಸಂಘದ ಸೋದರರಾದರೆ ನ್ಯಾಯ ದೊರೆಯುವುದೆಂತು ಎಂದು ಜನರು ಕೆರಳಿದರು. ಮೇಸನ್ನರ ವಿರೋಧಕ್ಕೆಂದೇ ಒಂದು ರಾಜಕೀಯ ಪಕ್ಷ ಹುಟ್ಟಿ, ೧೮೩೨ರಲ್ಲಿ ಅಧ್ಯಕ್ಷಪದವಿಗೆ ಸ್ಪರ್ಧಿಸಿ ವರ್ಮಾಂಟ್ ಪ್ರಾಂತವನ್ನು ಗೆದ್ದಿತು. ಎಷ್ಟೋ ಲಾಡ್ಜುಗಳು ಬಾಗಿಲು ಹಾಕಿದವು.

ಇನ್ನೊಮ್ಮೆ ಬೆಂಕಿಯೇ ಇಲ್ಲದೆ ಹೊಗೆ ಎದ್ದಿತು. ಫ್ರಾನ್ಸಿನ ಲಿಯೊ ತಾಕ್ಸಿಲ್ ಎಂಬ ಲೇಖಕನು ೧೮೮೫ರಿಂದ ಹನ್ನೆರಡು ವರ್ಷ, ಮೇಸನ್ನರು ಸೈತಾನನನ್ನು ಪೂಜಿಸುತ್ತಾರೆಂದು ಕಥೆ ಕಟ್ಟಿದನು. ಆ ಕೂಟದಿಂದ ತಪ್ಪಿಸಿಕೊಂಡು ಬಂದ ಡಯಾನಾ ವಾಘನ್ ಎಂಬ ಮಹಿಳೆಯ ಹೆಸರಿನಲ್ಲಿ ನೆನಪುಗಳನ್ನೂ ಪ್ರಕಟಿಸಿದನು. ಓದಿದವರು ನಡುಗಿದರು, ನಂಬಿದರು. ೧೮೯೭ರ ಏಪ್ರಿಲ್ ೧೯ರಂದು ಆಕೆಯನ್ನು ತೋರಿಸುವೆನೆಂದು ಪ್ಯಾರಿಸಿನಲ್ಲಿ ಸಭೆ ಕರೆದು, ಇದೆಲ್ಲವೂ ತನ್ನ ಕಟ್ಟುಕಥೆಯೆಂದು ತಾನೇ ಸಾರಿದನು! ಸಭೆಯು ರೊಚ್ಚಿಗೆದ್ದಿತು. ಆದರೆ ಕಟ್ಟಿದವನೇ ಸುಳ್ಳೆಂದು ಒಪ್ಪಿದ ಕಥೆಯನ್ನು ಇಂದಿಗೂ ನಂಬುವವರಿದ್ದಾರೆ.

ಇಂಥ ಸುಳ್ಳುಗಳು ಬರಿಯ ವಿನೋದವಾಗಿ ಉಳಿಯಲಿಲ್ಲ. ಯೆಹೂದ್ಯರೂ ಮೇಸನ್ನರೂ ಕೂಡಿ ಲೋಕವನ್ನು ವಶಪಡಿಸಿಕೊಳ್ಳಲು ಹೂಡಿದ ಸಂಚೆಂದು ಹೇಳುವ ಒಂದು ದಸ್ತಾವೇಜು ೧೯೦೩ರಲ್ಲಿ ರಷ್ಯದಲ್ಲಿ ಹೊರಬಿದ್ದಿತು. ಅದು ಬೇರೊಂದು ಪುಸ್ತಕದಿಂದ ಕದ್ದು ಹೆಣೆದ ಖೋಟಾ ಪತ್ರವೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು ೧೯೨೧ರಲ್ಲಿಯೇ ತೋರಿಸಿಕೊಟ್ಟಿತು. ಆದರೂ ಹಿಟ್ಲರನ ಪಕ್ಷವು ಅದನ್ನು ಊರೂರಿಗೆ ಹಂಚಿತು. ೧೯೩೫ರ ಹೊತ್ತಿಗೆ ಜರ್ಮನಿಯ ಲಾಡ್ಜುಗಳೆಲ್ಲ ಮುಚ್ಚಿಹೋದವು. ಅನೇಕ ಸದಸ್ಯರು ಸೆರೆ ಸೇರಿದರು, ಕೆಲವರು ಪ್ರಾಣವನ್ನೇ ನೀಗಿದರು. ಯೆಹೂದ್ಯರಲ್ಲಿ ಸುಮಾರು ೬೦ ಲಕ್ಷ ಮಂದಿ ಹತರಾದರು. ಸಂಶಯವು ಸರಕಾರದ ಕೈಯಲ್ಲಿ ಆಯುಧವಾದರೆ ನಿರಪರಾಧಿಗಳ ಗತಿಯೇನೆಂಬುದಕ್ಕೆ ಇದಕ್ಕಿಂತ ಘೋರವಾದ ನಿದರ್ಶನ ಬೇಕಿಲ್ಲ.

ಹಾಗೆಂದು ಸಂಶಯಪಡುವುದೇ ತಪ್ಪೆನ್ನಲಾಗದು. ೧೯೮೧ರ ಮಾರ್ಚಿ ತಿಂಗಳಲ್ಲಿ ಇಟಲಿಯ ಪೋಲೀಸರು ಲಿಚಿಯೊ ಜೆಲ್ಲಿ ಎಂಬವನ ನಿವೇಶನವನ್ನು ಶೋಧಿಸಿದಾಗ ‘ಪಿ–೨’ ಎಂಬ ಲಾಡ್ಜಿನ ೯೬೨ ಹೆಸರುಗಳ ಪಟ್ಟಿಯೊಂದು ದೊರೆಯಿತು. ಮಂತ್ರಿಗಳು, ಸೇನಾನಿಗಳು, ಗೂಢಚಾರ ವಿಭಾಗದ ಮುಖ್ಯಸ್ಥರು, ಪತ್ರಕರ್ತರು ಅದರಲ್ಲಿದ್ದರು. ಇಟಲಿಯ ಮೇಸನ್ನರ ಮಾತೃಸಂಸ್ಥೆಯು ೧೯೭೬ರಲ್ಲಿಯೇ ಆ ಲಾಡ್ಜಿನ ಮಾನ್ಯತೆಯನ್ನು ತಡೆಹಿಡಿದಿತ್ತು. ಆದರೂ ಅದು ಮರೆಯಲ್ಲಿ ಬೆಳೆಯುತ್ತಲೇ ಇತ್ತು. ಪಟ್ಟಿ ಬಯಲಾಗುತ್ತಲೇ ಮಂತ್ರಿಮಂಡಲ ಉರುಳಿತು. ೧೯೮೨ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿ ಆ ಲಾಡ್ಜನ್ನು ವಿಸರ್ಜಿಸಿತು.

ಹಾಗಾದರೆ ನಾವು ಹಿಡಿಯಬೇಕಾದ ದಾರಿ ಯಾವುದು? ಇಂಗ್ಲೆಂಡಿನ ೧೭೯೯ರ ಕಾಯಿದೆಯು ಒಂದು ಮಧ್ಯಮಮಾರ್ಗವನ್ನು ತೋರಿತು. ಮೇಸನ್ನರು ಸೇರಬಹುದು, ಆದರೆ ವರ್ಷಕ್ಕೊಮ್ಮೆ ಸದಸ್ಯರ ಹೆಸರು, ಉದ್ಯೋಗ, ವಿಳಾಸಗಳ ಪಟ್ಟಿಯನ್ನು ಸ್ಥಳೀಯ ಅಧಿಕಾರಿಗಳಿಗೆ ಒಪ್ಪಿಸಬೇಕು. ಈ ಏರ್ಪಾಡು ೧೯೬೭ರವರೆಗೆ ನಡೆಯಿತು. ಹೊಸದಾಗಿ ನೇಮಕವಾಗುವ ನ್ಯಾಯಾಧೀಶರು ತಾವು ಮೇಸನ್ನರೇ ಎಂಬುದನ್ನು ತಿಳಿಸಬೇಕೆಂದು ೧೯೯೮ರಲ್ಲಿ ಅಲ್ಲಿ ನಿಯಮವಾಯಿತು; ಒಂದು ಸಂಘದವರನ್ನು ಮಾತ್ರ ಹೀಗೆ ಬೇರೆಯಾಗಿ ಕಾಣುವುದು ಸರಿಯೇ ಎಂಬ ಪ್ರಶ್ನೆಯೆದ್ದು ೨೦೦೯ರಲ್ಲಿ ಅದನ್ನು ಕೈಬಿಡಲಾಯಿತು. ಸಂಘ ಕಟ್ಟುವ ಸ್ವಾತಂತ್ರ್ಯವೂ ಸಾರ್ವಜನಿಕರ ತಿಳಿಯುವ ಹಕ್ಕೂ ತಕ್ಕಡಿಯ ಎರಡು ತಟ್ಟೆಗಳಂತೆ ತೂಗುತ್ತಲೇ ಇರತಕ್ಕವು.

ನಮ್ಮ ಅಭಿಪ್ರಾಯದಲ್ಲಿ ಗುಟ್ಟುಗಳಲ್ಲಿ ಎರಡು ಬಗೆ. ಪೂಜೆಯ ಕ್ರಮ, ಗೆಳೆಯರ ಸಂಕೇತ, ಮನೆಯ ಮಾತು ಇವು ತಮ್ಮಷ್ಟಕ್ಕೇ ಇರುವ ಗುಟ್ಟುಗಳು. ಇವುಗಳಿಂದ ನೆರೆಯವನಿಗೆ ನಷ್ಟವಿಲ್ಲ. ಆದರೆ ಸರಕಾರದ ಅಧಿಕಾರ, ನ್ಯಾಯಾಲಯದ ತೀರ್ಪು, ಜನರು ಕೊಟ್ಟ ಹಣ ಇವು ಎಲ್ಲರ ಸೊತ್ತು. ಇವುಗಳನ್ನು ಗುಟ್ಟಿನಲ್ಲಿ ಹಂಚಿಕೊಳ್ಳುವ ಹಕ್ಕು ಯಾವ ಸೋದರಸಂಘಕ್ಕೂ ಇಲ್ಲ. ಜನರ ಹಣದಿಂದ ನಡೆಯುವ ಸಂಸ್ಥೆ ಎಷ್ಟು ಚಿಕ್ಕದಾದರೂ ಲೆಕ್ಕದ ಪುಸ್ತಕವನ್ನು ತೆರೆದಿಡಬೇಕು. ಇದು ಪರರಿಗೆ ಹೇಳುವ ಮಾತಷ್ಟೇ ಅಲ್ಲ, ನಮಗೂ ಸಲ್ಲುವ ಮಾತು.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಇಂದು ಅಂತೆಕಂತೆಗಳು ಅಂಗೈಯಗಲದ ಮೊಬೈಲಿನಲ್ಲಿ ಗಳಿಗೆಯೊಳಗೆ ಊರೆಲ್ಲ ಸುತ್ತುವುವು. ‘ಆ ಪಂಗಡದವರು ಒಳಗೊಳಗೇ ಸಂಚು ಹೂಡುತ್ತಿದ್ದಾರೆ’ ಎಂಬ ಸುದ್ದಿ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ಯಾರು, ಎಂದು, ಏನು ಮಾಡಿದರು? ಅದಕ್ಕೆ ಸಾಕ್ಷ್ಯವೇನು? ಈ ಸುದ್ದಿಯನ್ನು ಹಬ್ಬಿಸುವವನಿಗೆ ಏನು ಲಾಭ? ಮಾರ್ಗನ್ನನ ಅಪಹರಣವೂ ಪಿ–೨ರ ಪಟ್ಟಿಯೂ ಈ ಪ್ರಶ್ನೆಗಳ ಮುಂದೆ ನಿಲ್ಲುತ್ತವೆ. ತಾಕ್ಸಿಲನ ಸೈತಾನನೂ ರಷ್ಯದ ಖೋಟಾ ಪತ್ರವೂ ನಿಲ್ಲಲಾರವು. ತಪ್ಪು ಮಾಡಿದವನನ್ನು ಹೆಸರಿಡಿದು ಕೇಳಿರಿ; ಅವನ ಸಂಗಡ ಕುಳಿತವರನ್ನೆಲ್ಲ ಒಂದೇ ಹಗ್ಗದಿಂದ ಕಟ್ಟಬೇಡಿರಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದು ನಮ್ಮ ಹಿರಿಯರು ಗಾದೆ ಮಾಡಿದರು. ಕಾಣದುದರ ವಿಷಯದಲ್ಲಂತೂ ಆ ಎಚ್ಚರವು ಇಮ್ಮಡಿಯಾಗಬೇಕು.