ಸೇವಂತಿಗೆಗೆ ಕತ್ತಲೆ ಬೇಕು

ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದಲ್ಲಿ ಸಾಲು ಸಾಲು ಬಲ್ಬು ಉರಿಯುವುದು ಕಂಡರೆ ಜಾತ್ರೆ ಎಂದುಕೊಳ್ಳಬೇಡಿ. ಅದು ಸೇವಂತಿಗೆ ತೋಟ. ಬಲ್ಬು ಹಾಕಿರುವುದು ಗಿಡ ಈಗಲೇ ಹೂ ಬಿಡದಿರಲಿ ಎಂದು!

ಸೇವಂತಿಗೆ ರಾತ್ರಿಯ ಉದ್ದವನ್ನು ಅಳೆಯುತ್ತದೆ. ಹಗಲು ಕಿರಿದಾಗಿ ಕತ್ತಲೆ ದೀರ್ಘವಾದರೆ ಮಾತ್ರ ಮೊಗ್ಗು. ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಆ ರಾತ್ರಿ ಎರಡು ತುಂಡಾದಂತೆ. ಇನ್ನೂ ಬೇಸಿಗೆಯೆಂದು ಗಿಡ ಎಲೆ ಬೆಳೆಸುತ್ತಲೇ ಇರುತ್ತದೆ. ಚಳಿಗಾಲದಲ್ಲಿ ನೆಟ್ಟ ಸಸಿ ಗೇಣುದ್ದವಿರುವಾಗಲೇ ಹೂ ಬಿಟ್ಟರೆ ರೈತನ ಬುಟ್ಟಿ ತುಂಬೀತೆ? ಗಿಡ ಬಲಿಯುವ ತನಕ ಬಲ್ಬು ಉರಿಸುತ್ತಾರೆ. ಆಮೇಲೆ ಆರಿಸುತ್ತಾರೆ.

ಕತ್ತಲೆಯನ್ನು ಗುರುತಿಸುವುದು ಗಿಡದ ಯಾವ ಭಾಗ? 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಸೇವಂತಿಗೆಯ ತುದಿಯ ಎಲೆಗಳನ್ನು ಕಿತ್ತು, ಕೆಳಗಿನ ಎಲೆಗಳಿಗೆ ಮಾತ್ರ ದೀರ್ಘ ಕತ್ತಲೆ ಕೊಟ್ಟರು. ಬೆಳಕಿನಲ್ಲೇ ಇದ್ದ ತುದಿ ಹೂ ಬಿಟ್ಟಿತು! ಎಲೆಯಿಂದ ತುದಿಗೆ ಯಾವುದೋ ವಸ್ತು ಹೋಗುತ್ತಿದೆ ಎಂದ ಅವರು ಅದಕ್ಕೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ಹೆಸರೇನೋ ಸಿಕ್ಕಿತು, ವಸ್ತು ಸಿಗಲು 2007 ಬರಬೇಕಾಯಿತು. ಅದೊಂದು ಪ್ರೋಟೀನು. ಎಲೆಯಲ್ಲಿರುವ ‘ಎಫ್‌ಟಿ’ ಎಂಬ ಜೀನ್ ಅದನ್ನು ಮಾಡಿಸುತ್ತದೆ. ಎಲೆಯ ಆಹಾರ ಸಾಗುವ ನಾಳದಲ್ಲೇ ಅದು ತುದಿ ಸೇರುತ್ತದೆ. ಮೊದಲು ಕಂಡದ್ದು ಸಾಸಿವೆಯ ನೆಂಟ ಗಿಡವೊಂದರಲ್ಲಿ ಮತ್ತು ಭತ್ತದಲ್ಲಿ. ಸೇವಂತಿಗೆಯಲ್ಲೂ ಅದರ ಸೋದರ ಜೀನ್ ಇದೆ.

ನಿಮ್ಮ ಮನೆಯ ಸೇವಂತಿಗೆ ಎಲೆಯಷ್ಟೇ ಬಿಡುತ್ತಿದ್ದರೆ ಗೊಬ್ಬರ ಸುರಿಯುವ ಮೊದಲು ರಾತ್ರಿ ಎದ್ದು ನೋಡಿ. ಕುಂಡದ ಮೇಲೆ ಬೀದಿದೀಪ ಬೀಳುತ್ತಿರಬಹುದು.