ಬೆರಳಚ್ಚು ತಜ್ಞರಾಗಬೇಕೆ? ಮೊದಲು ಒಂದು ಬೀರುವಿನ ಕತೆ ಕೇಳಿ

ನನಗೆ ಕೆಲಸ ಸಿಕ್ಕಿದ ವಾರ ಊರಲ್ಲಿ ಸಿಹಿ ಹಂಚಿದ ನಮ್ಮತ್ತೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದು ಹೀಗೆ: "ನಮ್ಮ ಹುಡುಗಿಗೆ ಪೊಲೀಸ್ ಇಲಾಖೇಲಿ ಟೈಪಿಸ್ಟ್ ಕೆಲಸ ಆಗಿದೆ." ಅವರದೇನೂ ತಪ್ಪಿಲ್ಲ. ಕನ್ನಡದಲ್ಲಿ ಬೆರಳಚ್ಚು ಅಂದರೆ ಟೈಪಿಂಗ್ ಕೂಡ ಹೌದು, ಬೆರಳಿನ ಗುರುತು ಕೂಡ ಹೌದು. ಹನ್ನೊಂದು ವರ್ಷ ಆ ಕೆಲಸ ಮಾಡಿ, ಬಿಟ್ಟು, ಈಗ ಕಾಲೇಜೊಂದರಲ್ಲಿ ಅದೇ ವಿಷಯ ಪಾಠ ಮಾಡ್ತಿದ್ದೇನೆ. ವಾರಕ್ಕೆ ಒಬ್ಬರಾದರೂ "ಮೇಡಂ, ಫಿಂಗರ್‌ಪ್ರಿಂಟ್ ಎಕ್ಸ್‌ಪರ್ಟ್ ಆಗೋದು ಹೇಗೆ?" ಅಂತ ಮೆಸೇಜ್ ಹಾಕುತ್ತಾರೆ. ಒಬ್ಬೊಬ್ಬರಿಗೆ ಉತ್ತರಿಸುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ದಾರಿ ಹೇಳೋದು ಸುಲಭ, ಅದನ್ನು ಮೊದಲು ಮುಗಿಸುತ್ತೇನೆ. ವಿಜ್ಞಾನದಲ್ಲಿ ಪದವಿ ಇರಲಿ. ವಿಧಿವಿಜ್ಞಾನವೇ ಆದರೆ ಇನ್ನೂ ಒಳ್ಳೆಯದು. ಧಾರವಾಡದಲ್ಲೇ ಎರಡು ಅವಕಾಶ ಇವೆ: ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ, ಹಾಗೂ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್. ಆದರೆ ಬರೀ ಪದವಿಯಿಂದ ಯಾರೂ 'ತಜ್ಞ' ಆಗಲ್ಲ. ಬೆರಳಚ್ಚು ಘಟಕ ಇರೋದು ಪೊಲೀಸ್ ಇಲಾಖೆಯ ಒಳಗೆ, ಹಾಗಾಗಿ ನೇಮಕಾತಿಯೂ ಇಲಾಖೆಯ ಮೂಲಕವೇ. ಸೇರಿದ ಮೇಲೆ ತರಬೇತಿ, ವರ್ಷಗಟ್ಟಲೆ ಹಿರಿಯರ ಪಕ್ಕ ಕೂತು ಗೆರೆ ನೋಡೋದು, ಆಮೇಲೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ತನ್ನ ಕೇಂದ್ರ ಬೆರಳಚ್ಚು ಘಟಕದ ಮೂಲಕ ನಡೆಸುವ ಅಖಿಲ ಭಾರತ ಮಟ್ಟದ ಪರೀಕ್ಷೆ. ಲಿಖಿತ, ಪ್ರಾಯೋಗಿಕ, ಸಂದರ್ಶನ ಮೂರೂ ಇರುತ್ತವೆ. ಅದನ್ನು ಪಾಸ್ ಮಾಡಿದವರ ಮಾತಿಗೆ ಕೋರ್ಟಿನಲ್ಲಿ ತೂಕ ಬರುತ್ತದೆ.

ನೇಮಕಾತಿ ಅಂದ ತಕ್ಷಣ ನಿಮ್ಮ ಮುಖ ಹೇಗಾಯ್ತು ಅಂತ ಊಹಿಸಬಲ್ಲೆ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ನಡೆದಿದ್ದು 2021ರ ಅಕ್ಟೋಬರ್‌ನಲ್ಲಿ. ಅಕ್ರಮ ಬಯಲಾಗಿ ರದ್ದಾಗಿ, ಮರುಪರೀಕ್ಷೆ ನಡೆದಿದ್ದು 2024ರ ಜನವರಿಯಲ್ಲಿ. ಅದು ಸಿವಿಲ್ ಪಿಎಸ್‌ಐ ನೇಮಕಾತಿ, ಬೆರಳಚ್ಚು ವಿಭಾಗದ್ದಲ್ಲ. ಆದರೂ ಓದುತ್ತಾ ಕೂತವರ ವಯಸ್ಸು ಯಾವ ಪರೀಕ್ಷೆಗೂ ಕಾಯಲ್ಲ ಅನ್ನೋದನ್ನ ನಾನು ಹೇಳಬೇಕಿಲ್ಲ.

ಇನ್ನು ಕೆಲಸ. ಸಿನಿಮಾದಲ್ಲಿ ತೋರಿಸುವ ಹಾಗೆ ಕಂಪ್ಯೂಟರ್ ಪರದೆ ಮೇಲೆ ಕೆಂಪು ದೀಪ ಮಿನುಗಿ "ಮ್ಯಾಚ್" ಅಂತ ಬರಲ್ಲ. ಕಳ್ಳತನ ಆದ ಮನೆಗೆ ಹೋಗ್ತೀವಿ. ನಾವು ಹೋಗುವಷ್ಟರಲ್ಲಿ ಪಕ್ಕದ ಮನೆಯವರು, ಪಂಚರು, ಕೆಲವೊಮ್ಮೆ ಠಾಣೆಯವರೇ ಎಲ್ಲವನ್ನೂ ಮುಟ್ಟಿ ಆಗಿರುತ್ತದೆ. ಗಾಜು, ಸ್ಟೀಲು, ಬಣ್ಣ ಬಳಿದ ಕಬ್ಬಿಣದ ಮೇಲೆ ಮೃದುವಾದ ಬ್ರಷ್‌ನಿಂದ ಪುಡಿ ಹಾಕುತ್ತೇವೆ. ತಿಳಿ ಬಣ್ಣದ ಮೇಲೆ ಕಪ್ಪು, ಗಾಢ ಬಣ್ಣದ ಮೇಲೆ ಬೂದು. ಗುರುತು ಎದ್ದ ಮೇಲೆ ಫೋಟೋ, ಆಮೇಲೆ ಟೇಪಿನಿಂದ ಎತ್ತೋದು. ಕಾಗದದ ಮೇಲಾದರೆ ನಿನ್‌ಹೈಡ್ರಿನ್ ದ್ರಾವಣ: ಬೆವರಿನಲ್ಲಿರುವ ಅಮೈನೋ ಆಮ್ಲಕ್ಕೆ ತಗುಲಿ ನೇರಳೆ ಗೆರೆ ಏಳುತ್ತದೆ. ಪ್ಲಾಸ್ಟಿಕ್ ಮೇಲೆ ಬಳಸೋದು ನಿಮ್ಮ ಮನೆಯ ಫೆವಿಕ್ವಿಕ್‌ನಲ್ಲಿ ಇರುವ ರಾಸಾಯನಿಕವನ್ನೇ. ಬಿಸಿ ಮಾಡಿದರೆ ಅದರ ಹಬೆ ಗೆರೆಗಳಿಗೆ ಬೆಳ್ಳಗೆ ಅಂಟಿಕೊಳ್ಳುತ್ತದೆ. ಮೊದಲ ಸಲ ಹಾಗೆ ಒಂದು ಗುರುತು ಮೇಲೆದ್ದಿದ್ದನ್ನು ನೋಡಿದ ದಿನ ನಾನು ಊಟ ಮರೆತಿದ್ದೆ.

ಹೀಗೆ ಸ್ಥಳದಲ್ಲಿ ಸಿಗೋದನ್ನ ನಮ್ಮ ಭಾಷೆಯಲ್ಲಿ ಚಾನ್ಸ್ ಪ್ರಿಂಟ್ ಅಂತೀವಿ. ಅರ್ಧಂಬರ್ಧ, ಎಳೆದು ಹೋದದ್ದು, ಒಂದರ ಮೇಲೊಂದು ಬಿದ್ದದ್ದು. ಕಮಾನು, ಕುಣಿಕೆ, ಸುಳಿ ಅನ್ನುವ ದೊಡ್ಡ ವಿನ್ಯಾಸ ಯಾರನ್ನೂ ಗುರುತಿಸಲ್ಲ. ಕುಣಿಕೆ ಅಂತೂ ಅರ್ಧಕ್ಕಿಂತ ಹೆಚ್ಚು ಬೆರಳುಗಳಲ್ಲಿರುತ್ತದೆ. ನೋಡಬೇಕಾದ್ದು ಗೆರೆ ಎಲ್ಲಿ ನಿಂತಿತು, ಎಲ್ಲಿ ಕವಲಾಯಿತು, ಅವುಗಳ ನಡುವೆ ಎಷ್ಟು ಗೆರೆ ಇವೆ ಅನ್ನೋದು. ಮೊದಲು ಚಾನ್ಸ್ ಪ್ರಿಂಟನ್ನಷ್ಟೇ ಒಂಟಿಯಾಗಿ ಓದಬೇಕು. ಅದರಲ್ಲಿ ಏನಿದೆ, ಏನಿಲ್ಲ ಅಂತ ಬರೆದಿಟ್ಟುಕೊಂಡ ಮೇಲೆಯೇ ಶಂಕಿತನ ಗುರುತನ್ನು ತೆಗೆಯಬೇಕು. ಆಮೇಲೆ ತೀರ್ಮಾನ. ಆಮೇಲೆ ಇನ್ನೊಬ್ಬ ತಜ್ಞರಿಂದ ಮರುಪರಿಶೀಲನೆ. ಈ ಕ್ರಮ ತಲೆಕೆಳಗಾದರೆ, ಅಂದರೆ ಶಂಕಿತನ ಬೆರಳನ್ನು ಮೊದಲು ನೋಡಿಬಿಟ್ಟರೆ, ಕಣ್ಣು ಅದನ್ನೇ ಹುಡುಕತೊಡಗುತ್ತದೆ.

ಇದು ನನ್ನ ಅನುಮಾನ ಅಷ್ಟೇ ಅಲ್ಲ. 2004ರಲ್ಲಿ ಮ್ಯಾಡ್ರಿಡ್ ರೈಲುಗಳಲ್ಲಿ ಬಾಂಬ್ ಸಿಡಿದು 190ಕ್ಕೂ ಹೆಚ್ಚು ಜನ ಸತ್ತರು. ಡಿಟೋನೇಟರ್ ಇದ್ದ ಪ್ಲಾಸ್ಟಿಕ್ ಚೀಲದ ಮೇಲಿನ ಗುರುತನ್ನು ಅಮೆರಿಕದ ಎಫ್‌ಬಿಐ ತನ್ನ ಕಂಪ್ಯೂಟರಿಗೆ ಹಾಕಿತು. ಕಂಪ್ಯೂಟರ್ ಕೊಟ್ಟ ಹೋಲಿಕೆಯ ಪಟ್ಟಿಯಲ್ಲಿ ಆರೆಗನ್ ರಾಜ್ಯದ ಬ್ರಾಂಡನ್ ಮೇಫೀಲ್ಡ್ ಅನ್ನುವ ವಕೀಲರ ಹೆಸರಿತ್ತು. ಅವರು ಇಸ್ಲಾಂಗೆ ಮತಾಂತರ ಆಗಿದ್ದವರು. ಎಫ್‌ಬಿಐ ತಜ್ಞರು ಒಬ್ಬರಾದ ಮೇಲೊಬ್ಬರು ಇದು ಅವರದೇ ಅಂದರು. ಕೋರ್ಟ್ ನೇಮಿಸಿದ ಸ್ವತಂತ್ರ ತಜ್ಞರೂ ಹೌದು ಅಂದರು. ಸ್ಪೇನ್ ಪೊಲೀಸರು ಮಾತ್ರ ಒಪ್ಪಲಿಲ್ಲ, ಕೊನೆಗೆ ಅದು ಅಲ್ಜೀರಿಯಾದ ಒಬ್ಬನ ಬೆರಳು ಅಂತ ತೋರಿಸಿದರು. ಸುಮಾರು ಎರಡು ವಾರ ಬಂಧನದಲ್ಲಿದ್ದ ಮೇಫೀಲ್ಡ್ ಬಿಡುಗಡೆಯಾದರು, ಎಫ್‌ಬಿಐ ಕ್ಷಮೆ ಕೇಳಿತು, 2006ರಲ್ಲಿ ಸರ್ಕಾರ 20 ಲಕ್ಷ ಡಾಲರ್ ಪರಿಹಾರ ಕೊಟ್ಟಿತು.

ಆ ಪ್ರಕರಣದ ಮೇಲೆ ಇಟಿಯಲ್ ಡ್ರೋರ್ ಮತ್ತು ಸಂಗಡಿಗರು ಒಂದು ಪುಟ್ಟ ಪ್ರಯೋಗ ಮಾಡಿದರು. ಐದು ಅನುಭವಿ ತಜ್ಞರಿಗೆ, ಹಿಂದೆ ಅವರೇ 'ಹೊಂದುತ್ತದೆ' ಅಂದಿದ್ದ ಜೋಡಿ ಗುರುತುಗಳನ್ನೇ ಕೊಟ್ಟು, "ಇದು ಎಫ್‌ಬಿಐ ಎಡವಿದ ಮ್ಯಾಡ್ರಿಡ್ ಗುರುತು" ಅಂತ ಸುಳ್ಳು ಹೇಳಿದರು. ಐವರಲ್ಲಿ ನಾಲ್ವರು ತಮ್ಮ ಹಳೆಯ ತೀರ್ಮಾನವನ್ನೇ ಬದಲಿಸಿದರು. ಬೆರಳು ಅದೇ, ಕಣ್ಣೂ ಅದೇ. ಬದಲಾಗಿದ್ದು ಕಿವಿಗೆ ಬಿದ್ದ ಮಾತು ಮಾತ್ರ. ಹಾಗಂತ ಇಡೀ ವಿದ್ಯೆಯೇ ಬೊಗಳೆ ಅಲ್ಲ. 2011ರಲ್ಲಿ ಅಮೆರಿಕದಲ್ಲಿ 169 ಪರೀಕ್ಷಕರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಬೇರೆಯವರ ಬೆರಳನ್ನು ಇವರದೇ ಅಂದ ತಪ್ಪು ಶೇ. 0.1 ಮಾತ್ರ. ಅದೇ ವ್ಯಕ್ತಿಯ ಬೆರಳನ್ನು ಇವರದಲ್ಲ ಅಂದದ್ದು ಶೇ. 7.5. ಪ್ರಯೋಗದಲ್ಲಿ ಪರೀಕ್ಷಕರ ಭುಜದ ಹಿಂದೆ ಯಾರೂ ನಿಂತು "ಮೇಡಂ, ಇವನೇ ಸಾಹೇಬ್ರ ಪ್ರಕಾರ" ಅನ್ನುತ್ತಿರಲಿಲ್ಲ.

ಈಗ ಬೀರುವಿನ ಕತೆ. ಊರು, ಠಾಣೆ ಹೇಳಲ್ಲ.

ಒಂದು ಮನೆಯಲ್ಲಿ ಒಡವೆ ಕಳುವಾಗಿತ್ತು. ಬಾಗಿಲು ಮುರಿದಿಲ್ಲ, ಬೀರುವಿನ ಬೀಗ ಮುರಿದಿಲ್ಲ. ಬೀರುವಿನ ಒಳ ಬಾಗಿಲ ಮೇಲೆ ನಾಲ್ಕು ಚೊಕ್ಕ ಗುರುತು ಸಿಕ್ಕವು. ಇಂಥ ಕಡೆ ಮನೆಯವರೆಲ್ಲರ ಬೆರಳಚ್ಚೂ ತೆಗೆದುಕೊಳ್ಳುತ್ತೇವೆ, ಅವರ ಗುರುತುಗಳನ್ನು ಲೆಕ್ಕದಿಂದ ಹೊರಗಿಡೋದಕ್ಕೆ. ಮನೆಗೆಲಸಕ್ಕೆ ಬರುತ್ತಿದ್ದ ಹೆಂಗಸಿನದೂ ತೆಗೆದೆ. "ಅಕ್ಕಾ, ಇದರಿಂದ ನಂಗೇನಾದ್ರೂ ತೊಂದ್ರೆ ಆಗುತ್ತಾ?" ಅಂದರು. "ಇಲ್ಲಮ್ಮ, ಎಲ್ಲರದೂ ತಗೊಳ್ತೀವಿ" ಅಂದೆ.

ನಾಲ್ಕರಲ್ಲಿ ಎರಡು ಮನೆಯೊಡತಿಯದು. ಒಂದು ಮನೆಯವರ ಪೈಕಿ ಒಬ್ಬ ಹುಡುಗನದು. ಒಂದು ಆ ಹೆಂಗಸಿನದು. ಮೊದಲ ಮೂರನ್ನು 'ಮನೆಯವರದು' ಅಂತ ಬದಿಗಿಟ್ಟೆ. ನಾಲ್ಕನೆಯದರ ಬಗ್ಗೆ ತನಿಖಾಧಿಕಾರಿ ಫೋನ್ ಮಾಡಿ, "ಅವಳದು ಹೊಂದುತ್ತೆ ಅಲ್ವಾ ಮೇಡಂ? ಒಂದು ಸಾಲು ಬರ್ಕೊಡಿ ಸಾಕು" ಅಂದರು. ಬರೆದುಕೊಟ್ಟೆ. ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ: ಗುರುತು ಅವರ ಬಲಗೈ ತೋರುಬೆರಳಿನದೇ. ದಿನಾ ಆ ಬೀರು ಒರೆಸುವವರ ಬೆರಳು ಅದರ ಮೇಲೆ ಇಲ್ಲದಿದ್ದರೆ ಆಶ್ಚರ್ಯಪಡಬೇಕಿತ್ತು. ಗುರುತು ಯಾರದು ಅಂತ ಹೇಳಬಹುದು. ಯಾವಾಗ ಬಿತ್ತು ಅಂತ ನಂಬಿಕೆಯಿಂದ ಹೇಳುವ ವಿಧಾನ ಇವತ್ತಿಗೂ ನಮ್ಮ ಹತ್ತಿರ ಇಲ್ಲ. ಈ ಮಾತನ್ನು ನಾನು ವರದಿಯಲ್ಲಿ ಸೇರಿಸಲಿಲ್ಲ. ಯಾರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ.

ಅವರ ಬಂಧನ ಆಯಿತು. ಮೂರು ದಿನದ ಮೇಲೆ ಜಾಮೀನು. ಎಂಟು ತಿಂಗಳಾದ ಮೇಲೆ ಒಡವೆ ಗಿರವಿ ಅಂಗಡಿಯಲ್ಲಿ ಸಿಕ್ಕಿತು; ಇಟ್ಟಿದ್ದು ನಾನು ಬದಿಗಿಟ್ಟ ಮೂರನೇ ಗುರುತಿನ ಹುಡುಗ. ಆರೋಪಪಟ್ಟಿಯಲ್ಲಿ ಆಕೆಯ ಹೆಸರು ಬರಲಿಲ್ಲ. ಆದರೆ ಆ ಬೀದಿಯಲ್ಲಿ ಅವರಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಅದೇ ಬೀರು, ಅದೇ ಪುಡಿ, ಅದೇ ದಿನದ ಗುರುತುಗಳು. ಒಬ್ಬರದು 'ಮನೆಯವರದು', ಇನ್ನೊಬ್ಬರದು 'ಸಾಕ್ಷ್ಯ'. ಹಾಗೆ ವಿಂಗಡಿಸಿದ್ದು ಯಾವ ಕಂಪ್ಯೂಟರೂ ಅಲ್ಲ, ನಾನು.

ಈ ವಿದ್ಯೆಯ ಹುಟ್ಟಿನಲ್ಲೂ ಇಂಥ ವಿಂಗಡಣೆ ಇದೆ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಎಂಬ ಅಧಿಕಾರಿ, ಗುತ್ತಿಗೆದಾರ ರಾಜ್ಯಧರ್ ಕೊನಾಯ್ ಮಾತು ತಪ್ಪದಿರಲಿ ಅಂತ ಕರಾರು ಪತ್ರದ ಮೇಲೆ ಅಂಗೈ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತಾದಲ್ಲಿ ಜಗತ್ತಿನ ಮೊದಲ ಬೆರಳಚ್ಚು ಬ್ಯೂರೋ ಶುರುವಾಯಿತು. ಸ್ಕಾಟ್ಲೆಂಡ್ ಯಾರ್ಡ್‌ಗೆ ಅದು ಬಂದಿದ್ದು 1901ರಲ್ಲಿ. ಹತ್ತು ಬೆರಳಲ್ಲಿ ಯಾವುದರಲ್ಲಿ ಸುಳಿ ಇದೆ, ಯಾವುದರಲ್ಲಿ ಇಲ್ಲ ಅನ್ನೋದರ ಮೇಲೆ ಚೀಟಿಗಳನ್ನು 1,024 ಗುಂಪು ಮಾಡುವ ಲೆಕ್ಕದ ಹಿಂದಿದ್ದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಸಬ್ ಇನ್ಸ್‌ಪೆಕ್ಟರ್‌ಗಳು. ಹೆಸರು ಉಳಿದಿದ್ದು ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು, ಇವತ್ತಿಗೂ ಅದು 'ಹೆನ್ರಿ ಪದ್ಧತಿ'. 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಬಂದಾಗ, ಹುಟ್ಟಿದ ಸಮುದಾಯದ ಕಾರಣಕ್ಕೇ ನೋಂದಾಯಿತರಾದವರ ಬೆರಳಚ್ಚನ್ನು ಯಾವಾಗ ಬೇಕಾದರೂ ತೆಗೆಯುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ತರಬೇತಿಯಲ್ಲಿ ನಮಗೆ ಹೆನ್ರಿ ಬಗ್ಗೆ ಪ್ರಶ್ನೆ ಕೇಳಿದರು. ಈ ಕಾಯ್ದೆ ಬಗ್ಗೆ ಯಾರೂ ಕೇಳಲಿಲ್ಲ.

ಈಗಿನ ಕಾನೂನನ್ನು ಈ ಕೆಲಸಕ್ಕೆ ಬರುವವರು ಗೆರೆಗಳಷ್ಟೇ ಚೆನ್ನಾಗಿ ಓದಬೇಕು. ಬೆರಳಚ್ಚು ಕೊಡೋದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದ ಹಾಗಲ್ಲ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ, ಕಾಥಿ ಕಾಲು ಒಘಡ್ ಪ್ರಕರಣದಲ್ಲಿ ಹೇಳಿದೆ. 1920ರ ಕೈದಿಗಳ ಗುರುತಿಸುವಿಕೆ ಕಾಯ್ದೆಯ ಜಾಗಕ್ಕೆ 2022ರಲ್ಲಿ ಹೊಸ ಕಾಯ್ದೆ ಬಂತು. ಅದರಲ್ಲಿ ಬೆರಳಚ್ಚಿನ ಜೊತೆ ಕಣ್ಣಿನ ಪಾಪೆ, ಸಹಿ, ಜೈವಿಕ ಮಾದರಿಗಳೂ ಸೇರಿದವು. ದಾಖಲೆಗಳು ಎನ್‌ಸಿಆರ್‌ಬಿಯಲ್ಲಿ 75 ವರ್ಷ ಇರುತ್ತವೆ. ಅದೇ ವರ್ಷ ಶುರುವಾದ ನಾಫಿಸ್ ವ್ಯವಸ್ಥೆ ದೇಶದ ಎಲ್ಲಾ ರಾಜ್ಯಗಳ ಬೆರಳಚ್ಚನ್ನು ಒಂದೇ ಕಡೆ ಸೇರಿಸಿ, ಬಂಧಿತರಾದ ಪ್ರತಿಯೊಬ್ಬರಿಗೂ ಹತ್ತು ಅಂಕಿಯ ಸಂಖ್ಯೆ ಕೊಡುತ್ತದೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ತೀರ್ಪು ಬಂದಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿ ಅವರು ಹಾಕಿದ ಅರ್ಜಿಯಲ್ಲಿ. ಐದೇ ವರ್ಷದಲ್ಲಿ ಇಷ್ಟೆಲ್ಲ.

ಕೆಲಸ ಹೆಚ್ಚುತ್ತದೆ, ಅದರಲ್ಲಿ ಅನುಮಾನವಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಹೊಸ ದಂಡಪ್ರಕ್ರಿಯಾ ಕಾನೂನು, ಅಂದರೆ ಬಿಎನ್‌ಎಸ್‌ಎಸ್ ಪ್ರಕಾರ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು; ಸಜ್ಜಾಗಲು ರಾಜ್ಯಗಳಿಗೆ ಐದು ವರ್ಷ ಸಮಯ. ಅಂದರೆ ಹುದ್ದೆಗಳು ಬರಲೇಬೇಕು. ಅಷ್ಟು ತಜ್ಞರು ಯಾರ ಕೈಕೆಳಗೆ ಇರಬೇಕು ಅನ್ನೋ ಚರ್ಚೆ ಮಾತ್ರ ನಮ್ಮಲ್ಲಿ ಕೇಳಿಸುತ್ತಿಲ್ಲ. ಪ್ರಯೋಗಾಲಯಗಳು ಪೊಲೀಸರ ಹಿಡಿತದಿಂದ ಸ್ವತಂತ್ರವಾಗಿರಬೇಕು ಅಂತ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ 2009ರಲ್ಲೇ ಹೇಳಿತ್ತು. ಯಾರ ಪ್ರಕರಣ ಗೆಲ್ಲಬೇಕೋ ಅವರ ಆಫೀಸಿನಲ್ಲೇ ಕೂತು, ಅವರದೇ ಸರಣಿಯಲ್ಲಿ ಬಡ್ತಿ ಕಾಯುತ್ತಾ, "ಇಲ್ಲ ಸಾರ್, ಇದು ಸಾಲಲ್ಲ" ಅನ್ನೋದು ಎಷ್ಟು ಕಷ್ಟ ಅಂತ ನಾನು ಬಲ್ಲೆ. ಅಂದವರು ಇದ್ದಾರೆ, ಅವರಿಂದಲೇ ನಾನು ಕಲಿತಿದ್ದು.

ಹಾಗಾದರೆ ಬರಬೇಡಿ ಅನ್ನುತ್ತಿದ್ದೇನಾ? ಬನ್ನಿ. ಒಂದು ಅಭ್ಯಾಸ ಮಾಡಿಕೊಂಡು ಬನ್ನಿ: ಶಂಕಿತರ ಹೆಸರು, ಹಿನ್ನೆಲೆ, ತಪ್ಪೊಪ್ಪಿಗೆ ಏನನ್ನೂ ಕೇಳಿಸಿಕೊಳ್ಳದೆ ಗುರುತನ್ನು ಓದುವ ಅಭ್ಯಾಸ. ನನ್ನ ವಿದ್ಯಾರ್ಥಿಗಳಿಗೆ ವರದಿ ಬರೆಸುವಾಗ ಕೊನೆಗೆ ಎರಡು ಸಾಲು ಕಡ್ಡಾಯ ಮಾಡಿದ್ದೇನೆ: ಈ ಗುರುತು ಯಾವಾಗ ಬಿದ್ದದ್ದೆಂದು ಹೇಳಲಾಗದು; ಈ ವ್ಯಕ್ತಿಗೆ ಈ ವಸ್ತುವನ್ನು ಮುಟ್ಟಲು ಸಹಜ ಕಾರಣ ಇತ್ತೇ ಎಂಬುದನ್ನು ತನಿಖೆಯಿಂದ ತಿಳಿಯಬೇಕು. "ಇಷ್ಟು ಬರೆದ್ರೆ ಡಿಫೆನ್ಸ್‌ನವರಿಗೆ ನಾವೇ ಪಾಯಿಂಟ್ ಕೊಟ್ಟ ಹಾಗಲ್ವಾ ಮೇಡಂ?" ಅಂತ ಒಬ್ಬ ಕೇಳಿದ. ಹೌದು, ಕೊಟ್ಟ ಹಾಗೇ ಅಂದೆ.

2022ರ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ. ಹಿಂದೆ ಶಿಕ್ಷೆಯಾಗದವರು ವಿಚಾರಣೆಯಿಲ್ಲದೆ ಬಿಡುಗಡೆಯಾದರೆ, ಆರೋಪಮುಕ್ತರಾದರೆ ಅಥವಾ ಖುಲಾಸೆಯಾದರೆ, ಕೋರ್ಟ್ ಬೇರೆ ಹೇಳದ ಹೊರತು ಅವರ ದಾಖಲೆ ಅಳಿಸಬೇಕು. ನಿಯಮದ ಪ್ರಕಾರ ಅದಕ್ಕೆ ರಾಜ್ಯದ ನೋಡಲ್ ಅಧಿಕಾರಿಗೆ ಅರ್ಜಿ ಹೋಗಬೇಕು. ಬೀರು ಒರೆಸುತ್ತಿದ್ದ ಆ ಹೆಂಗಸಿಗೆ ಇದನ್ನು ಯಾರೂ ಹೇಳಿರಲಿಲ್ಲ. ಕೆಲಸ ಬಿಟ್ಟ ಮೇಲೆ ವಿಳಾಸ ಹುಡುಕಿಕೊಂಡು ಹೋಗಿ ನಾನೇ ಹೇಳಿದೆ. ಮೊದಲು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು. ಅರ್ಜಿಯನ್ನು ನಾನು ಬರೆದೆ, ಅವರು ಓದಿಸಿಕೊಂಡರು. ಸಹಿ ಬರಲ್ಲ ಅಂತ ಹೆಬ್ಬೆಟ್ಟು ಒತ್ತಲು ಇಂಕ್ ಪ್ಯಾಡ್ ತೆಗೆದಾಗ ಕೈ ಹಿಂದಕ್ಕೆ ಎಳೆದುಕೊಂಡು, "ಇನ್ನೊಂದ್ಸಲ ಕೊಡಬೇಕಾ ಅಕ್ಕಾ?" ಅಂದರು. ಅರ್ಜಿ ಹೋಗಿ ಐದು ತಿಂಗಳಾಯಿತು. ಉತ್ತರ ಬಂದಿಲ್ಲ.